ಪ್ರಸಾದವೂ ಪಥ್ಯವೂ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಪೂಜ್ಯರು ಒಂದು ಸಂಜೆ ನೀಡಿದ ಆಶೀರ್ವಚನ. ಧ್ವನಿಮುದ್ರಿಕೆಯಿಂದ ಬರೆದುಕೊಂಡದ್ದು.)



ನಿನ್ನೆಯವರೆಗೆ ಅಷ್ಟಾವರಣಗಳಲ್ಲಿ ಪಾದೋದಕದ ವಿಚಾರ ನಡೆದಿತ್ತು. ಕ್ರಮದಂತೆ ಇಂದು ಪ್ರಸಾದದ ವಿಚಾರ ಬರಬೇಕು. ಬರುತ್ತದೆ. ಆದರೆ ಇವತ್ತು ಅದನ್ನು ಶಾಸ್ತ್ರದಿಂದ ಪ್ರಾರಂಭಿಸದೆ ದವಾಖಾನೆಯಿಂದ ಪ್ರಾರಂಭಿಸುತ್ತೇವೆ. ಯಾರೂ ಗಾಬರಿಯಾಗಬೇಡಿ.

ಇಂದು ಮುಂಜಾನೆ ನಮ್ಮ ಹತ್ತಿರ ಗಂಡ ಹೆಂಡತಿ ಇಬ್ಬರು ಬಂದಿದ್ದರು. ತಂದೆಗೆ ಬರುವ ಸೋಮವಾರ ಕರುಳಿನ ಆಪರೇಶನ್. ಆ ಮಗ ನಮ್ಮನ್ನು ಕೇಳಿದ್ದು ಒಂದೇ ಮಾತು: "ಬುದ್ಧೀ, ಒಳಗ ಒಯ್ಯೂ ಮುಂಚೆ ಅಪ್ಪನ ಬಾಯಾಗ ಮಠದ ಪ್ರಸಾದ ಹಾಕಬೇಕಂತ ಆಸೆ ಐತ್ರಿ. ಒಂದು ಪೊಟ್ಟಣ ಕಟ್ಟಿ ಕೊಡ್ರಿ." ನಾವು ಕೊಡುವುದಿಲ್ಲ ಎಂದೆವು. ಅವರಿಗೆ ನೋವಾಯಿತು. ಮಠದಲ್ಲಿ ಪ್ರಸಾದ ಕೇಳಿದವರಿಗೆ ಇಲ್ಲವೆಂದ ಸ್ವಾಮಿ ಎಂಥ ಸ್ವಾಮಿ ಎಂದು ಆ ತಾಯಿ ಮನಸ್ಸಿನಲ್ಲಿ ಅಂದುಕೊಂಡಿರಬೇಕು, ಮುಖದಲ್ಲಿ ಕಂಡಿತು. ಅವರಿಗೆ ಹೇಳಿದ್ದನ್ನೇ ಈಗ ಎಲ್ಲರಿಗೂ ಹೇಳುತ್ತೇವೆ, ಏಕೆಂದರೆ ಈ ಸಭೆಯಲ್ಲಿ ಕೂತವರ ಪೈಕಿ ಹೊಟ್ಟೆಯ ಆಪರೇಶನ್ ಕಾಣದ ಮನೆ ಎಷ್ಟಿವೆ? ಅಪೆಂಡಿಕ್ಸು, ಹರಣಿಯಾ, ಪಿತ್ತದ ಹರಳು, ಕರುಳಿನ ಗಂಟು, ಒಂದಿಲ್ಲೊಂದು ಇದ್ದೇ ಇದೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ.

ನಮಗೆ ಪಿತ್ತಕೋಶದಲ್ಲಿ ಹರಳಾಗಿತ್ತು. ಬಲಭಾಗದ ಪಕ್ಕೆಯ ಕೆಳಗೆ ನೋವು ಎದ್ದರೆ ಪೂಜೆಗೆ ಕೂತ ಮಣೆಯ ಮೇಲೆ ಕೂಡಲಿಕ್ಕಾಗುತ್ತಿರಲಿಲ್ಲ. ಸ್ವಾಮಿಗಳು ಕತ್ತಿಗೆ ಮೈ ಒಡ್ಡಬಾರದು ಎಂದು ಕೆಲವು ಹಿರಿಯರು ಅಂದರು. ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು 111ರ ವಯಸ್ಸಿನಲ್ಲಿ, 2018ರ ಡಿಸೆಂಬರಿನಲ್ಲಿ, ಚೆನ್ನೈಗೆ ಹೋಗಿ ಚಿಕಿತ್ಸೆ ಮಾಡಿಸಿಕೊಂಡರಲ್ಲ, ನಾವೇನು ಅವರಿಗಿಂತ ದೊಡ್ಡವರೆ ಎಂದು ಹೇಳಿ ಹೋದೆವು. ಮುಂಜಾನೆ ಒಂಬತ್ತಕ್ಕೆ ಆಪರೇಶನ್. ರಾತ್ರಿ ಊಟವಾದ ಮೇಲೆ ಏನೂ ತಿನ್ನಕೂಡದು ಎಂದು ದಾದಿ ಹೇಳಿ ಹೋದಳು. ನಾವು ತಲೆಯಲ್ಲಾಡಿಸಿದೆವು. ನಸುಕಿನಲ್ಲಿ ಎದ್ದು ಮಿಂದು ಲಿಂಗಪೂಜೆ ಮುಗಿಸಿದೆವು. ಪೂಜೆಯ ನಂತರ ಪ್ರಸಾದ ಸ್ವೀಕರಿಸದೆ ಎದ್ದ ದಿನ ನಮ್ಮ ಜೀವಮಾನದಲ್ಲಿಲ್ಲ. ಒಂದು ಬಾಳೆಹಣ್ಣು, ಅರ್ಧ ಬಟ್ಟಲು ಹಾಲು. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದೆವು. ಆಗ ಗಂಟೆ ಆರೂವರೆ.

ಎಂಟೂವರೆಗೆ ಅರಿವಳಿಕೆ ಕೊಡುವ ಡಾಕ್ಟರು ಬಂದರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ. "ಊಟ, ತಿಂಡಿ ಏನಾದರೂ ಆಗಿದೆಯೆ?" ಎಂದು ಕೇಳಿದರು. "ಇಲ್ಲ" ಎಂದೆವು. ನೋಡಿ, ಈ ಪೀಠದ ಮೇಲೆ ಕೂತು ಹೇಳುತ್ತೇವೆ, ಆ ಕ್ಷಣದಲ್ಲಿ ಸುಳ್ಳು ಹೇಳಿದೆವೆಂಬ ಭಾವನೆ ನಮಗೆ ಎಳ್ಳಷ್ಟೂ ಬರಲಿಲ್ಲ. ಊಟ ಮಾಡಿರಲಿಲ್ಲ, ತಿಂಡಿ ತಿಂದಿರಲಿಲ್ಲ, ನಿಜ ತಾನೆ? ಅವರು ಹೊರಡಲಿಕ್ಕೆ ಎದ್ದರು. ಎದ್ದವರು ನಮ್ಮ ಹಣೆಯ ಮೇಲಿನ ಹಸಿ ವಿಭೂತಿಯನ್ನು ನೋಡಿ ಮತ್ತೆ ಕೂತರು. "ಪೂಜೆ ಆಯಿತೆ ಸ್ವಾಮೀಜಿ? ಪ್ರಸಾದ ತೆಗೆದುಕೊಂಡಿರೇನು?" "ತೆಗೆದುಕೊಂಡೆವು." "ಏನು ಪ್ರಸಾದ?" ಹೇಳಿದೆವು. ಅವರು ಗಡಿಯಾರ ನೋಡಿದರು. ಸಿಟ್ಟಾಗಲಿಲ್ಲ. "ನಿಮಗೆ ಅದು ಪ್ರಸಾದ. ಹೊಟ್ಟೆಗೆ ಅದು ಹಾಲು, ಬಾಳೆಹಣ್ಣು," ಎಂದರು. ಮಧ್ಯಾಹ್ನ ಒಂದೂವರೆಯ ಮೇಲೆ ನಮ್ಮನ್ನು ಒಳಗೆ ಕರೆದೊಯ್ದರು.

ಆ ಹುಡುಗ ಎರಡನೆಯ ಪ್ರಶ್ನೆ ಕೇಳದೆ ಹೋಗಿದ್ದರೆ? ಏನಾಗಬಹುದಿತ್ತು ಎಂಬುದನ್ನು ಆಮೇಲೆ ಅವರಿಂದಲೇ ಕೇಳಿ ತಿಳಿದೆವು. ಎಚ್ಚರವಿದ್ದಾಗ ನಮ್ಮ ಗಂಟಲಿಗೆ ಒಬ್ಬ ಕಾವಲುಗಾರ ಇರುತ್ತಾನೆ. ಅನ್ನದ ಅಗುಳು ತಪ್ಪಿ ಶ್ವಾಸನಾಳದ ಕಡೆ ಹೊರಳಿದರೆ ಕೆಮ್ಮು ಬಂದು ಹೊರಗೆ ನೂಕುತ್ತದೆ. ಅರಿವಳಿಕೆ ಕೊಟ್ಟಾಗ ಆ ಕಾವಲುಗಾರನೂ ಮಲಗುತ್ತಾನೆ. ಹೊಟ್ಟೆಯ ಬಾಯಿ ಸಡಿಲಾಗುತ್ತದೆ. ಒಳಗೆ ಇದ್ದದ್ದು ಮೇಲೆ ಬಂದರೆ ನೇರ ಪುಪ್ಪುಸಕ್ಕೆ ಇಳಿಯುತ್ತದೆ. ಗಟ್ಟಿ ಪದಾರ್ಥವಾದರೆ ಉಸಿರು ಕಟ್ಟುತ್ತದೆ. ಹುಳಿ ನೀರಾದರೆ ಪುಪ್ಪುಸ ಸುಟ್ಟಂತಾಗುತ್ತದೆ. ಅಮೆರಿಕದ ಮೆಂಡಲ್ಸನ್ ಎಂಬ ವೈದ್ಯರು 1946ರಲ್ಲಿ ನ್ಯೂಯಾರ್ಕಿನ ಒಂದು ಹೆರಿಗೆ ಆಸ್ಪತ್ರೆಯ ಲೆಕ್ಕ ತೆಗೆದು ಬರೆದರು. 44,016 ಬಸುರಿಯರಲ್ಲಿ 66 ಮಂದಿಗೆ ಹೀಗಾಗಿತ್ತು. ಇಬ್ಬರು ಗಟ್ಟಿ ಆಹಾರ ಸಿಕ್ಕಿ ಉಸಿರುಗಟ್ಟಿ ತೀರಿಕೊಂಡಿದ್ದರು. "ಆಪರೇಶನ್ನಿಗೆ ಮುಂಚೆ ಬರೀ ಹೊಟ್ಟೆ" ಎಂಬ ಮಾತು ಜಗತ್ತಿನ ದವಾಖಾನೆಗಳಲ್ಲೆಲ್ಲ ಬಲವಾಗಿ ಬೇರೂರಿದ್ದು ಆಮೇಲೆ.

ಹೊಟ್ಟೆಗೆ ತನ್ನದೇ ಆದ ಗಂಟೆಯಿದೆ. ಅದನ್ನು ಕಣ್ಣಾರೆ ನೋಡಿದವನೊಬ್ಬನ ಕತೆ ಹೇಳುತ್ತೇವೆ, ಮಕ್ಕಳು ಕೇಳಿರಿ. ಅಮೆರಿಕದ ಮ್ಯಾಕಿನಾ ಎಂಬ ದ್ವೀಪದಲ್ಲಿ 1822ರಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೂಲಿಯವನ ಹೊಟ್ಟೆಗೆ ಗುಂಡು ತಗಲಿತು. ಆತ ಸಾಯಲಿಲ್ಲ, ಆದರೆ ಜಠರದಿಂದ ಹೊರಮೈಗೆ ಒಂದು ತೂತು ಹಾಗೆಯೇ ಉಳಿಯಿತು. ಆತನಿಗೆ ಔಷಧ ಮಾಡಿದ ಸೈನ್ಯದ ವೈದ್ಯ ಬ್ಯೂಮಾಂಟ್, ಮಾಂಸದ ಚೂರು, ರೊಟ್ಟಿಯ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಒಳಗೆ ಬಿಟ್ಟು, ತಾಸಿಗೊಮ್ಮೆ ಎಳೆದು ನೋಡಿದ. ಯಾವುದು ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ಬರೆದಿಟ್ಟು 1833ರಲ್ಲಿ ಪುಸ್ತಕ ಮಾಡಿದ. ಸಿಟ್ಟು ಬಂದಾಗ ಆ ಮನುಷ್ಯನ ಹೊಟ್ಟೆಯ ಒಳಮೈ ಬಣ್ಣ ಬದಲಾಗಿ ಪಚನ ಕೆಡುತ್ತಿತ್ತೆಂದೂ ಬರೆದಿದ್ದಾನೆ. (ಊಟದ ಹೊತ್ತಿನಲ್ಲಿ ಸೊಸೆಯ ಮೇಲೆ ಕೂಗುವವರು ಇದನ್ನು ನೆನಪಿಡಬಹುದು.) ಬ್ಯೂಮಾಂಟ್ ನೋಡಿದ ಆ ಜಠರಕ್ಕೆ ದಾರದಲ್ಲಿ ಬಂದದ್ದು ದೇವರ ಪ್ರಸಾದವೋ ಸಂತೆಯ ರೊಟ್ಟಿಯೋ ಗೊತ್ತಿರಲಿಲ್ಲ. ಪ್ರಸಾದಭಾವ ತಿನ್ನುವವನ ಮನಸ್ಸನ್ನು ಬದಲಿಸುತ್ತದೆ. ಜಠರದ ಗಡಿಯಾರವನ್ನು ಅದು ಮುಂದೆ ತಿರುಗಿಸಲಾರದು.

ನಾವು ಮಾಡಿದ ತಪ್ಪನ್ನು ಎಲ್ಲರೂ ತಮ್ಮ ತಮ್ಮ ರೀತಿಯಲ್ಲಿ ಮಾಡುತ್ತಾರೆ. ವಾರ್ಡಿನಲ್ಲಿ ನಾಲ್ಕು ದಿನ ಮಲಗಿ ಕೇಳಿದ್ದೇವೆ. "ಏನೂ ತಿಂದಿಲ್ರಿ, ಬರೇ ಒಂದು ಕಪ್ ಚಹಾ." "ಊಟ ಎಲ್ಲಿ ಮಾಡ್ಯಾನ್ರಿ, ಎರಡು ಬಿಸ್ಕೀಟು ಅಷ್ಟೆ." ನಮ್ಮ ಸೀಮೆಯಲ್ಲಿ ರೊಟ್ಟಿ ಮುರಿದರೆ ಮಾತ್ರ ಊಟ, ಉಳಿದದ್ದೆಲ್ಲ ಗಾಳಿ! ಡಾಕ್ಟರರ "ಊಟ" ಬೇರೆ, ನಮ್ಮ "ಊಟ" ಬೇರೆ. ಹಾಲು ಹಾಕಿದ ಚಹಾ ಅವರ ಲೆಕ್ಕದಲ್ಲಿ ನೀರಲ್ಲ, ಆಹಾರ.

ಇದರ ವಿರುದ್ಧದ ಅತಿರೇಕವೂ ಉಂಟು. ಒಂದು ಹೊತ್ತು ಬಿಡು ಎಂದರೆ ಎರಡು ದಿನ ಬಿಟ್ಟು ಬರುವ ತಾಯಂದಿರಿದ್ದಾರೆ. ಹೆಚ್ಚು ಉಪವಾಸ ಮಾಡಿದರೆ ಆಪರೇಶನ್ ಹೆಚ್ಚು ಚೆನ್ನಾಗಿ ಆಗುತ್ತದೆ ಎಂಬ ಭಾವನೆ. ಹನಿ ನೀರೂ ಇಲ್ಲದೆ ನಾಲಿಗೆ ಒಣಗಿಸಿಕೊಂಡು ತಲೆ ತಿರುಗಿ ಬೀಳುತ್ತಾರೆ. ಈಗ ವೈದ್ಯರ ಸಾಮಾನ್ಯ ನಿಯಮ ಹೀಗಿದೆ: ಕರಿದದ್ದು, ಜಿಡ್ಡಿನದು ತಿಂದಿದ್ದರೆ 8 ತಾಸು ಅಥವಾ ಇನ್ನೂ ಹೆಚ್ಚು, ಹಗುರ ತಿಂಡಿ, ಹಾಲು ಆದರೆ 6 ತಾಸು, ತಿಳಿನೀರನ್ನು 2 ತಾಸು ಮುಂಚಿನವರೆಗೆ ಕುಡಿಯಬಹುದು. ಆದರೆ ಕರುಳು ಕಟ್ಟಿಕೊಂಡವರಿಗೆ ಈ ಲೆಕ್ಕ ನಡೆಯುವುದಿಲ್ಲ, ಅವರ ಹೊಟ್ಟೆ ಎಷ್ಟು ತಾಸು ಬಿಟ್ಟರೂ ಖಾಲಿಯಾಗದು. ಸಕ್ಕರೆ ಕಾಯಿಲೆಯವರಲ್ಲೂ ತಡವಾಗಬಹುದು. ಅವರು ಅಂದಿನ ಗುಳಿಗೆ, ಇಂಜೆಕ್ಷನ್ನಿನ ವಿಚಾರವನ್ನೂ ಮೊದಲೇ ಕೇಳಿಕೊಳ್ಳಬೇಕು. ಆದ್ದರಿಂದ ಮಠದಲ್ಲಿ ಕೇಳಿದ ತಾಸನ್ನು ಹಿಡಿಯಬೇಡಿ, ನಿಮ್ಮ ಡಾಕ್ಟರು ಹೇಳಿದ ತಾಸನ್ನು ಹಿಡಿಯಿರಿ. ಪಾದೋದಕ ಒಂದು ಚಮಚೆ ಆಗಬಹುದೇ ಎಂದು ಬಾಯಿ ಬಿಟ್ಟು ಕೇಳಿರಿ. ಕೇಳಿದರೆ ಯಾರೂ ನಗುವುದಿಲ್ಲ. ಕೊರಳ ಲಿಂಗದ ಮಾತನ್ನೂ ಹಾಗೆಯೇ ಮೊದಲೇ ಆಡಿಕೊಳ್ಳಿರಿ. ನಮ್ಮ ಲಿಂಗವನ್ನು ಶುದ್ಧವಾದ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಲು ಅವರೇ ಒಪ್ಪಿದರು.

ಇನ್ನು ಆಪರೇಶನ್ ಆದ ಮೇಲಿನ ಮಾತು. ಇದನ್ನು ಹೇಳುವಾಗ ನಮ್ಮ ನಾಲಿಗೆ ಭಾರವಾಗುತ್ತದೆ.

ನಮ್ಮ ಮಠದ ಭಕ್ತರೊಬ್ಬರು. ಹೆಸರು ಬೇಡ. ಎರಡು ಎತ್ತಿನ ಒಕ್ಕಲುತನ, ಗಟ್ಟಿ ಆಳು. ಜಠರದಲ್ಲಿ ಗಡ್ಡೆಯಾಗಿ, ಜಠರದ ಬಹುಭಾಗವನ್ನು ತೆಗೆದರು. ಮನೆಗೆ ಬಂದ ಹದಿನೈದು ದಿನಕ್ಕೆ ದರ್ಶನಕ್ಕೆ ಬಂದರು. ಅಂದು ಜಾತ್ರೆಯ ಗದ್ದಲ. ನಾವು ವಿಭೂತಿ ಹಚ್ಚಿ, "ಪಥ್ಯದಲ್ಲಿರಪ್ಪಾ. ನಂಜಿನ ಪದಾರ್ಥ ಮುಟ್ಟಬೇಡ, ಗಂಜಿಯಲ್ಲಿರು" ಎಂದೆವು. ಹಿರಿಯರು ಹೇಳುವ ರೂಢಿಯ ಮಾತು. ಹಿಂದೆ ಮುಂದೆ ವಿಚಾರ ಮಾಡಿ ಹೇಳಿದ್ದಲ್ಲ. ಹೇಳಿ ಮರೆತೆವು.

ಏಳು ತಿಂಗಳ ಮೇಲೆ ಆತನ ಹೆಂಡತಿ ಆತನನ್ನು ತೋಳು ಹಿಡಿದು ಕರೆತಂದಳು. ಗುರುತು ಸಿಗಲಿಲ್ಲ. ಅಂಗಿಯೊಳಗೆ ಮನುಷ್ಯನಿಲ್ಲ, ಎಲುಬುಗಳಿವೆ. ಏನಾಯಿತಪ್ಪಾ, ಏನು ಉಣ್ಣುತ್ತೀ ಎಂದು ಕೇಳಿದರೆ, "ಗಂಜಿ ಬುದ್ಧೀ" ಎಂದ. ಬೇಳೆ? ಕೀವಾಗ್ತದಲ್ರಿ. ಮೊಸರು? ಥಂಡಿ. ಹಾಲು? ನಂಜು. ಶಕ್ತಿ ಬರಲೆಂದು ಗಂಜಿಗೆ ಬೆಲ್ಲ ಕಲಸುತ್ತಿದ್ದರಂತೆ. ಕುಡಿದ ಸ್ವಲ್ಪ ಹೊತ್ತಿಗೆ ಎದೆ ಹೊಡೆದುಕೊಂಡು ಬೆವರು ಸುರಿದು ಮಲಗಿಬಿಡುತ್ತಿದ್ದನಂತೆ. ಗಂಜಿಯೂ ಹೆಚ್ಚಾಯಿತೆಂದು ಅದನ್ನೂ ಕಡಿಮೆ ಮಾಡಿದರು. "ಏಳು ತಿಂಗಳು ಇದೇ ಏಕೆ ಮಾಡಿದಿರಿ?" ಎಂದೆವು. ಆತ ನಮ್ಮ ಮುಖ ನೋಡಿ, "ನೀವ ಹೇಳಿದ್ರೆಲ್ಲ ಬುದ್ಧೀ. ನೀವು ಬಿಡು ಅನ್ನೂತನಕ ಹೆಂಗ ಬಿಡೂದು?" ಎಂದ.

ದವಾಖಾನೆಯವರು ಕೊಟ್ಟ ಒಂದು ಚೀಟಿ ಆ ತಾಯಿಯ ಚೀಲದಲ್ಲೇ ಇತ್ತು, ಇಂಗ್ಲಿಷಿನಲ್ಲಿ. ನಮ್ಮ ಹೈಸ್ಕೂಲಿನ ಮಾಸ್ತರರನ್ನು ಕರೆಸಿ ಓದಿಸಿದೆವು. ದಿನಕ್ಕೆ ಆರು ಸಲ, ಸಲಕ್ಕೆ ಸ್ವಲ್ಪ ಸ್ವಲ್ಪ ಉಣ್ಣಬೇಕು. ಚೆನ್ನಾಗಿ ಅಗಿಯಬೇಕು. ಬೇಳೆ, ಮೊಸರು, ಪನೀರು ಪ್ರತಿದಿನ ಇರಬೇಕು. ಸಕ್ಕರೆ ಬೆಲ್ಲದ ಪಾನಕ ಬೇಡ. ಉಣ್ಣುವಾಗ ನೀರು ಬೇಡ, ಅರ್ಧ ತಾಸು ಬಿಟ್ಟು ಕುಡಿಯಬೇಕು. ಬಿ ಹನ್ನೆರಡು ಎಂಬ ಜೀವಸತ್ವದ ಇಂಜೆಕ್ಷನ್ ತಪ್ಪಿಸಬಾರದು. ಎಲ್ಲವೂ ಅದರಲ್ಲಿತ್ತು! ಏಳು ತಿಂಗಳು ಚೀಲದಲ್ಲಿ ಮಡಿಸಿ ಮಲಗಿತ್ತು. ಜಠರ ಎಂಬ ಚೀಲವಿದ್ದಾಗ ಅದು ಬೆಲ್ಲದ ನೀರನ್ನು ತಡೆದು ಚೂರುಚೂರು ಕೆಳಗೆ ಬಿಡುತ್ತಿತ್ತು. ಚೀಲವೇ ಹೋದ ಮೇಲೆ ಅದು ಒಮ್ಮೆಲೇ ಕರುಳಿಗೆ ಧುಮುಕುತ್ತದೆ, ಮೈಯೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಎದೆ ಹೊಡೆದುಕೊಳ್ಳುವುದು ಅದಕ್ಕೇ. ಪ್ರೀತಿಯಿಂದ ಕಲಸಿದ ಬೆಲ್ಲವೇ ಆತನನ್ನು ಊಟಕ್ಕೆ ಹೆದರುವಂತೆ ಮಾಡಿತ್ತು.

ಅಂದೇ ಗಾಡಿ ಮಾಡಿ ದೊಡ್ಡ ದವಾಖಾನೆಗೆ ಕಳಿಸಿದೆವು. ಗಡ್ಡೆಗೆ ಮುಂದಿನ ಔಷಧ ಕೊಡುವುದಿತ್ತು. ದೇಹದಲ್ಲಿ ತ್ರಾಣವಿಲ್ಲವೆಂದು ಡಾಕ್ಟರರು ತಡೆದರು. ಮರುವರ್ಷ ಆತ ಲಿಂಗೈಕ್ಯನಾದ. ರೋಗವೇ ದೊಡ್ಡದಿತ್ತು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಡಾಕ್ಟರು ನಮಗೆ ಹೇಳಿದರು. ಇರಬಹುದು. ಆ ಮಾತಿನ ಹಿಂದೆ ನಾವು ಅಡಗಿಕೊಳ್ಳಲಾರೆವು. ಅಂದಿನಿಂದ ರೋಗಿಗೆ ಏನು ಉಣ್ಣಬೇಕೆಂದು ನಾವು ಹೇಳುವುದನ್ನು ಬಿಟ್ಟಿದ್ದೇವೆ. ಯಾರೇ ಬರಲಿ, ಮೊದಲು ಚೀಟಿ ತೋರಿಸು ಎನ್ನುತ್ತೇವೆ. ಮಾಸ್ತರರು ಕನ್ನಡದಲ್ಲಿ ಬರೆದುಕೊಟ್ಟ ಮೇಲೆ ವಿಭೂತಿ.

ಗಂಜಿ ಕೆಟ್ಟದ್ದೇ ಎಂದು ಕೇಳುವಿರಿ. ಅಲ್ಲ. ನಮ್ಮ ಹಿರಿಯರದು ಬುದ್ಧಿವಂತಿಕೆಯ ಕ್ರಮವಾಗಿತ್ತು. ನಾವು ಅದನ್ನು ಅರ್ಧಕ್ಕೆ ನಿಲ್ಲಿಸಿದ್ದೇವೆ. ಆಯುರ್ವೇದದಲ್ಲಿ ಶೋಧನ ಚಿಕಿತ್ಸೆಯಾದವನಿಗೆ ಸಂಸರ್ಜನ ಕ್ರಮ ಎಂದು ಒಂದುಂಟು. ಮೊದಲು ಪೇಯ, ಅಂದರೆ ತೆಳ್ಳನೆಯ ಗಂಜಿ. ಆಮೇಲೆ ವಿಲೇಪಿ, ಗಟ್ಟಿ ಗಂಜಿ. ಅದಾದ ಮೇಲೆ ಯೂಷ, ಹೆಸರುಕಾಳಿನಂಥವುಗಳ ಕಟ್ಟು. ಮೊದಲು ಸಪ್ಪೆ, ನಂತರ ಉಪ್ಪು ಜಿಡ್ಡು ಕೂಡಿದ್ದು. ಕೊನೆಗೆ ಎಂದಿನ ಊಟ. ಇದೆಲ್ಲ ದಿನಗಳ ಲೆಕ್ಕ, ತಿಂಗಳುಗಳ ಲೆಕ್ಕವಲ್ಲ. ಮೆಟ್ಟಿಲುಗಳನ್ನು ಹತ್ತಲಿಕ್ಕೆ ಕಟ್ಟಿದ್ದಾರೆ. ಮೊದಲನೆಯ ಮೆಟ್ಟಿಲ ಮೇಲೆ ಚಾಪೆ ಹಾಸಿಕೊಂಡು ಮಲಗಿದರೆ ಮಾಳಿಗೆ ಹೇಗೆ ಮುಟ್ಟುವುದು?

ಹಿಂದೆ ಡಾಕ್ಟರರೂ ಕರುಳು ಹೊಲಿದವರಿಗೆ ಗಾಳಿ ಸರಿಯುವತನಕ ದಿನಗಟ್ಟಲೆ ಬಾಯಿ ಕಟ್ಟಿಸುತ್ತಿದ್ದರು. ಡೆನ್ಮಾರ್ಕಿನ ಕೆಲೆಟ್ ಎಂಬ ಶಸ್ತ್ರವೈದ್ಯರು 1990ರ ದಶಕದಲ್ಲಿ ಬೇಗ ಉಣಿಸಿ, ಬೇಗ ನಡೆಸಿ, ಜನ ಬೇಗ ಚೇತರಿಸುವುದನ್ನು ತೋರಿಸಿಕೊಟ್ಟರು. ಈಗ ಅನೇಕ ಕಡೆ ಅಂದೇ ಅಥವಾ ಮರುದಿನವೇ ದ್ರವ ಆಹಾರ ಪ್ರಾರಂಭಿಸುತ್ತಾರೆ. ಅದನ್ನು ನೋಡಿ ಮನೆಯವರಿಗೆ ಭಯ: ಹೊಲಿಗೆ ಬಿಚ್ಚಿಹೋದರೆ? ತಾಯಂದಿರೆ, ನೀವು ಒಂದು ಹನಿ ಹಾಕದಿದ್ದರೂ ಜೊಲ್ಲು, ಜಠರದ ರಸ, ಪಿತ್ತ, ಕರುಳಿನ ರಸ ಎಲ್ಲ ಕೂಡಿ ದಿನಕ್ಕೆ ಸುಮಾರು ಏಳು ಲೀಟರು ಆ ದಾರಿಯಲ್ಲಿ ಹರಿಯುತ್ತದೆ. ನಿಮ್ಮ ನಾಲ್ಕು ಚಮಚೆ ಕಟ್ಟಿನಿಂದ ಹೊಲಿಗೆ ಬಿಚ್ಚುವುದಿಲ್ಲ. ಗಾಯ ಮಾಯಲಿಕ್ಕೆ ಹೊಸ ಮಾಂಸ ಬೆಳೆಯಬೇಕು, ಮಾಂಸ ಬೆಳೆಯಲಿಕ್ಕೆ ಸಸಾರಜನಕ ಬೇಕು. ಮಾಂಸ ಮುಟ್ಟದ ನಮ್ಮಂಥವರಿಗೆ ಅದು ಬೇಳೆ, ಕಾಳು, ಹಾಲು, ಮೊಸರಿನಿಂದ ತಾನೆ ಬರಬೇಕು? ಅದನ್ನೇ ನಂಜು ಎಂದು ಬಿಟ್ಟರೆ ಗೋಡೆ ಕಟ್ಟುವವನಿಗೆ ಕಲ್ಲು ಕೊಡದೆ ನೀರು ಮಾತ್ರ ಕೊಟ್ಟಂತೆ. ಕೀವು ಆಗುವುದು ರೋಗಾಣುವಿನಿಂದ, ತೊಗರಿಬೇಳೆಯಿಂದಲ್ಲ.

ಪಿತ್ತಕೋಶ ತೆಗೆಸಿದವರು ನಮ್ಮನ್ನು ಕೇಳುವುದು ತುಪ್ಪದ ಮಾತು. ಜನ್ಮಪೂರ್ತಿ ತುಪ್ಪ ಬಿಡಬೇಕೆ? ಪಿತ್ತ ಹುಟ್ಟುವುದು ಯಕೃತ್ತಿನಲ್ಲಿ. ಆ ಕೋಶ 30-50 ಮಿಲಿಲೀಟರು ಕೂಡಿಡುವ ಒಂದು ಸಣ್ಣ ಗಿಂಡಿ. ಗಿಂಡಿ ಹೋದರೆ ಪಿತ್ತ ಹನಿಹನಿಯಾಗಿ ನೇರ ಕರುಳಿಗೆ ಇಳಿಯುತ್ತದೆ. ಕೆಲವು ವಾರ ಜಿಡ್ಡು ಕಡಿಮೆ ಮಾಡಿ, ಮೆಲ್ಲಗೆ ರೂಢಿಗೆ ಬರಬಹುದು. ನಾವು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವುದನ್ನು ನೀವೇ ನೋಡಿದ್ದೀರಿ. ಕರುಳು ಕೊಯ್ದು ಜೋಡಿಸಿದವರ ಮಾತು ಬೇರೆ. ಅವರು ಕೆಲವು ವಾರ ನಾರಿನ ಪಲ್ಯ, ಸಿಪ್ಪೆ, ಬೀಜ ಬಿಡಬೇಕಾಗುತ್ತದೆ. ಎಷ್ಟು ವಾರ ಎಂಬುದನ್ನು ಕೇಳಿಕೊಂಡೇ ಬರಬೇಕು. ಕೇಳದಿದ್ದರೆ ಜೋಳದ ರೊಟ್ಟಿಯನ್ನು ಜನ್ಮಪೂರ್ತಿ ಬಿಟ್ಟಂತೆಯೇ.

ಇನ್ನೊಂದು ಮಾತು ಸಭೆಯಲ್ಲಿ ಆಡಲು ಸಂಕೋಚ, ಆದರೂ ಆಡುತ್ತೇವೆ. ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟಿಸಿಕೊಂಡವರು ನಮ್ಮ ನಡುವೆ ಇದ್ದಾರೆ. ಹಾಗೆ ಚೀಲ ಕಟ್ಟಿದ ಒಬ್ಬ ಹೆಣ್ಣುಮಗಳು ಮಠಕ್ಕೆ ಬಂದಳು. ದಾಸೋಹದ ಪಂಕ್ತಿಗೆ ಬರಲಿಲ್ಲ. ಚೀಲ ತುಂಬಿದರೆ ನಾಲ್ಕು ಜನರ ನಡುವೆ ಅವಮಾನವೆಂದು ಮೂರು ಹೊತ್ತಿನಲ್ಲಿ ಎರಡು ಹೊತ್ತು ಉಪವಾಸ, ನೀರನ್ನೂ ಬಿಟ್ಟಿದ್ದಳು. ಸಣ್ಣ ಕರುಳಿನಿಂದ ಚೀಲವಾದವರಿಗೆ ಹೀಗೆ ಮಾಡುವುದು ಬಲು ಅಪಾಯ. ದೇಹಕ್ಕೆ ನೀರು ಉಪ್ಪು ಮರಳಿಸಿ ಕೊಡುತ್ತಿದ್ದ ದೊಡ್ಡ ಕರುಳು ಅವರ ದಾರಿಯಲ್ಲಿಲ್ಲ. ಬರೀ ನೀರೂ ಸಾಲದು, ಉಪ್ಪು ಸಕ್ಕರೆ ಹದವಾಗಿ ಬೆರೆತ ಓಆರ್‌ಎಸ್ ದ್ರಾವಣ ಬೇಕಾಗುತ್ತದೆ. ಆ ಮಗಳಿಗೆ ನಾವು ಹೇಳಿದ್ದು ಇಷ್ಟೆ: ತಾಯೀ, ಆ ಚೀಲ ನಿನ್ನ ಜೀವ ಉಳಿಸಿದ್ದು, ಪಂಕ್ತಿಯಲ್ಲಿ ಬಂದು ಕೂಡು. ಈಗ ಕೂಡುತ್ತಾಳೆ. ಇಂದೂ ಬಂದಿದ್ದಾಳೆ, ಯಾರೆಂದು ತಿರುಗಿ ಹುಡುಕಬೇಡಿ.

ಡಾಕ್ಟರರು "ಹಗುರ ಊಟ" ಎಂದರೆ ಏನು ಎಂದು ಕೇಳಿರಿ. ಯಾವ ಕಾಳು, ಎಷ್ಟು ಬಟ್ಟಲು, ದಿನಕ್ಕೆ ಎಷ್ಟು ಸಲ, ಎಂದಿನವರೆಗೆ? ಆ "ಎಂದಿನವರೆಗೆ" ಎಂಬ ಪ್ರಶ್ನೆಯನ್ನು ಮರೆಯದೆ ಕೇಳಿರಿ. ನಮ್ಮ ಆ ಭಕ್ತ ಕೇಳದೆ ಉಳಿದದ್ದು ಅದನ್ನೇ, ನಾವು ಹೇಳದೆ ಉಳಿದದ್ದೂ ಅದನ್ನೇ. ಗದ್ದಲದಲ್ಲಿ ಡಾಕ್ಟರರಿಗೆ ಬಿಡುವಿಲ್ಲದಿದ್ದರೆ ದಾದಿಯನ್ನು ಕೇಳಿರಿ, ಪಥ್ಯದ ಲೆಕ್ಕ ನೋಡುವವರು ದೊಡ್ಡ ದವಾಖಾನೆಗಳಲ್ಲಿ ಬೇರೆಯೇ ಇರುತ್ತಾರೆ, ಅವರನ್ನು ಕೇಳಿರಿ. ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಯಿಸಿಕೊಳ್ಳಿರಿ. ಓದು ಬಾರದವರು ಮಠಕ್ಕೆ ತನ್ನಿರಿ. ಮಾಸ್ತರರು ಸಂಜೆ ಆರರಿಂದ ಕಾರ್ಯಾಲಯದಲ್ಲಿರುತ್ತಾರೆ.

ಮುಂಜಾನೆ ಬಂದ ಆ ಮಗ ಇಲ್ಲಿಯೇ ಕೂತಿದ್ದಾನೆ. ತಂದೆಯನ್ನೂ ಕರೆತಂದಿದ್ದಾನೆ, ಸೋಮವಾರಕ್ಕೆ ಇನ್ನೂ ಮೂರು ದಿನವಿದೆ. ಯಜಮಾನರೆ, ನಿಮಗೆ ಇಂದಿನ ಊಟಕ್ಕೆ ಡಾಕ್ಟರರ ಅಡ್ಡಿಯಿಲ್ಲವೆಂದು ಮಾಸ್ತರರು ಚೀಟಿ ಓದಿ ಹೇಳಿದ್ದಾರೆ. ಹೊಟ್ಟೆ ತುಂಬ ಪ್ರಸಾದ ಸ್ವೀಕರಿಸಿರಿ. ಸೋಮವಾರ ಮುಂಜಾನೆ ನಿಮ್ಮ ಪಾಲಿನದನ್ನು ನಾವು ಇಲ್ಲಿ ತೆಗೆದಿಡುತ್ತೇವೆ, ಬಂದು ಉಣ್ಣುವಿರಂತೆ. ಈಗ ಮಂಗಳಾರತಿ ಆಗಲಿ. ಪಂಕ್ತಿ ಸಿದ್ಧವಾಗಿದೆ, ಮುದುಕರು ಮಕ್ಕಳು ಮೊದಲು ಏಳಿರಿ.